ನಾಲ್ಕು ವಾರದ ನಾಟಿ ಮರಿಗಳಲ್ಲಿ ಹುಂಜ ಯಾವುದು, ಹ್ಯಾಟೆ ಯಾವುದು?

ಹೆತ್ತೂರು ತೋಟ:

ಎಲ್ಲರಿಗೂ ನಮಸ್ಕಾರ. ನಮ್ಮದು ಸಕಲೇಶಪುರ ತಾಲ್ಲೂಕು, ಹೆತ್ತೂರು ಕಡೆ. ಮನೆ ಹಿಂದಿನ ಗೂಡಿನಲ್ಲಿ ಈಗ 21 ಮರಿ ಇವೆ. 11 ನಾಟಿ. ಒಂದೇ ಹ್ಯಾಟೆ ಕಾವು ಕೂತು ಮಾಡಿದ ಮರಿ, ಇವತ್ತಿಗೆ 27 ದಿನ. ಮೊಟ್ಟೆ ಮಾತ್ರ ಮೂರು ಹ್ಯಾಟೆಗಳದ್ದು. ಒಂದು ಕಂದು, ಒಂದು ಬೋಳುಕತ್ತು, ಇನ್ನೊಂದು ಮೈಯೆಲ್ಲ ಕಪ್ಪು ಬಿಳಿ ಪಟ್ಟೆ ಇರೋದು. ಹುಂಜ ಒಂದೇ, ಕೆಂಪು. ಉಳಿದ 10 ಗಿರಿರಾಜ ತಳಿಯವು, ಒಂದು ದಿನದ ಮರಿ ತಂದಿದ್ದು, ಅವಕ್ಕೆ 30 ದಿನ.

ಮಳೆ ಹಿಡಿಯೋದರೊಳಗೆ ಲೆಕ್ಕ ಮಾಡ್ಕೋಬೇಕು. ಹೊಸ ಗೂಡಲ್ಲಿ ಬೆಳೆದ ಕೋಳಿ ಹತ್ತಕ್ಕಿಂತ ಹೆಚ್ಚು ಹಿಡಿಯಲ್ಲ. ಒಂಬತ್ತು ಹ್ಯಾಟೆ, ಒಂದು ಹುಂಜ ಇಟ್ಕೊಂಡು ಉಳಿದಿದ್ದನ್ನ ಕೊಡೋಣ ಅಂತ. ಹ್ಯಾಟೆ ಅಂದ್ಕೊಂಡು ಹುಂಜ ಉಳಿಸ್ಕೊಂಡರೆ ಆರು ತಿಂಗಳ ಮೇವು ದಂಡ.

ಈ ವಯಸ್ಸಲ್ಲಿ ಗೊತ್ತು ಮಾಡೋದು ಹೇಗೆ? ರೆಕ್ಕೆ ಬಿಡಿಸಿ ನೋಡಬೇಕು ಅಂತಾರೆ, ಹಿಂಭಾಗ ಒತ್ತಿ ನೋಡಬೇಕು ಅಂತಾರೆ, ಎರಡೂ ನಿಜವಾ? ಮುಂದಿನ ಸಲ ಗುಂಡು ಮೊಟ್ಟೆ ಆರಿಸಿ ಇಟ್ಟರೆ ಹ್ಯಾಟೆ ಜಾಸ್ತಿ ಬರುತ್ತೆ ಅಂತ ಊರಲ್ಲಿ ಹೇಳ್ತಾರೆ, ಅದರಲ್ಲಿ ಹುರುಳಿದೆಯಾ?

ಮೂಡಿಗೆರೆ ಅಂಗಳ:

ಅಣ್ಣ, 27 ದಿನಕ್ಕೆ 11ರಲ್ಲಿ ಆರೋ ಏಳೋ ಮರಿಯನ್ನ ಧೈರ್ಯವಾಗಿ ಹೇಳಬಹುದು. ಉಳಿದಿದ್ದು ಕಾಯಿಸುತ್ತೆ. ಎಲ್ಲವನ್ನೂ ಇವತ್ತೇ ತೀರ್ಮಾನ ಮಾಡೋಕೆ ಹೋದರೆ ತಪ್ಪಾಗೋದು ಖಾತ್ರಿ.

ಮೊದಲು ನಾಟಿ ಬೇರೆ, ಗಿರಿರಾಜ ಬೇರೆ ಮಾಡಿ. ಬಹಳ ಜನ ಎಡವೋದು ಇಲ್ಲೇ. ಗಿರಿರಾಜ ದಪ್ಪ ಮೂಳೆಯ ತಳಿ, ಅದರ ಹೆಣ್ಣು ಮರಿಯ ಕಾಲು ನಾಟಿ ಹುಂಜ ಮರಿಯ ಕಾಲಿಗಿಂತ ದಪ್ಪ ಕಾಣುತ್ತೆ. ಎರಡನ್ನೂ ಒಟ್ಟಿಗೆ ಬಿಟ್ಟು ನೋಡಿದರೆ ಗಿರಿರಾಜ ಎಲ್ಲಾ ಹುಂಜ, ನಾಟಿ ಎಲ್ಲಾ ಹ್ಯಾಟೆ ಅನ್ಸುತ್ತೆ. ಹೋಲಿಸೋದು ಒಂದೇ ತಳಿಯ, ಒಂದೇ ದಿನ ಒಡೆದ ಮರಿಗಳ ಒಳಗೆ ಮಾತ್ರ. ಮೂರು ದಿನ ಹೆಚ್ಚುಕಮ್ಮಿ ಇದ್ದರೂ ಈ ವಯಸ್ಸಲ್ಲಿ ಜುಟ್ಟು, ಪುಕ್ಕ ಎರಡರಲ್ಲೂ ವ್ಯತ್ಯಾಸ ಕಾಣುತ್ತೆ.

ಬೆಳಿಗ್ಗೆ ಗೂಡು ತೆಗೆಯೋ ಹೊತ್ತಿಗೆ, ಮೇವು ಹಾಕೋ ಮುಂಚೆ, ಹಗಲು ಬೆಳಕಲ್ಲಿ ನೋಡಿ. ಕಾವಿನ ಬಲ್ಬಿನ ಕೆಳಗೆ ಎಲ್ಲಾ ಜುಟ್ಟೂ ಕೆಂಪಗೇ ಕಾಣುತ್ತೆ. ಅಟ್ಟಿಸಿಕೊಂಡು ಹೋಗಿ ಹಿಡಿದ ಮರಿಗೂ ರಕ್ತ ಏರಿ ಜುಟ್ಟು ಕೆಂಪಾಗುತ್ತೆ. ಹಾಗಾಗಿ ಎಲ್ಲವನ್ನೂ ಹಿಂದಿನ ರಾತ್ರಿಯೇ ಮಂಕರಿಗೆ ತುಂಬಿಟ್ಟು, ಬೆಳಿಗ್ಗೆ ಒಂದೊಂದೇ ತೆಗೆಯೋದು ಒಳ್ಳೇದು. ಎಡ ಅಂಗೈ ಎದೆಯ ಕೆಳಗಿಟ್ಟು ಎರಡು ಕಾಲನ್ನೂ ಬೆರಳ ಸಂದಿಗೆ ಸಿಕ್ಕಿಸಿಕೊಳ್ಳಿ. ಮರಿ ಒದರಾಡಲ್ಲ, ಬಲಗೈ ಬಿಡುವಾಗಿರುತ್ತೆ.

ಮೊದಲು ಜುಟ್ಟು. ಪಕ್ಕದಿಂದ ಮಾತ್ರ ನೋಡಬೇಡಿ, ಕೊಕ್ಕಿನ ಎದುರಿನಿಂದಲೂ ನೋಡಿ. ಗಂಡಿನ ಜುಟ್ಟು ನಾಲ್ಕು ವಾರಕ್ಕೆ ಬುಡದಲ್ಲಿ ಅಗಲ ಆಗಿ, ಹಲ್ಲು ಹಲ್ಲಾಗಿ ಮೇಲೆದ್ದು, ನಸುಗೆಂಪಿಗೆ ತಿರುಗಿರುತ್ತೆ. ಹೆಣ್ಣಿನದು ತೆಳು, ತಗ್ಗು, ಹಳದಿ ಬಣ್ಣ, ಸೂಜಿಯಲ್ಲಿ ಹೊಲಿಗೆ ಹಾಕಿದ ಗೆರೆ ಥರ ಇರುತ್ತೆ. ಆಮೇಲೆ ಗದ್ದದ ಕೆಳಗಿನ ಜೋಲು. ಗಂಡಲ್ಲಿ ಎರಡು ಕೆಂಪು ಚುಕ್ಕಿ ಮೂಡಿರುತ್ತೆ, ಹೆಣ್ಣಲ್ಲಿ ಹುಡುಕಿದರೂ ಸಿಗಲ್ಲ.

ಎರಡನೇದು ಬೆನ್ನು. ಇದನ್ನ ಯಾರೂ ನೋಡಲ್ಲ, ಆದರೆ ಈ ವಯಸ್ಸಲ್ಲಿ ಜುಟ್ಟಿನಷ್ಟೇ ಬೆಲೆ ಇರೋ ಗುರುತು ಇದು. ಎರಡು ರೆಕ್ಕೆ ನಡುವಿನ ಜಾಗಕ್ಕೆ ಮೆಲ್ಲಗೆ ಉಫ್ ಅಂತ ಊದಿ. ಹೆಣ್ಣು ಮರಿಗೆ ಪುಕ್ಕ ಬೇಗ ಬರುತ್ತೆ, ಬೆನ್ನು, ಹೆಗಲು ಮುಚ್ಚಿರುತ್ತೆ. ಗಂಡಿಗೆ ಅಲ್ಲಿ ಇನ್ನೂ ತುಪ್ಪಳ ಇರುತ್ತೆ, ಇಲ್ಲಾಂದ್ರೆ ಚರ್ಮವೇ ಕಾಣುತ್ತೆ. ಬಾಲವೂ ಹಾಗೇ. ಹೆಣ್ಣಿನ ಬಾಲ ಇಷ್ಟೊತ್ತಿಗೆ ಬೀಸಣಿಗೆ ಥರ ನೆಟ್ಟಗೆ ನಿಂತಿರುತ್ತೆ, ಗಂಡಿನದು ಮೋಟು, ಕೆಳಕ್ಕೆ ಬಾಗಿರುತ್ತೆ.

ಮೂರನೇದು ಕಾಲು. ಮೊಣಕಾಲಿನ ಕೆಳಗೆ ಹೆಬ್ಬೆರಳು, ತೋರುಬೆರಳಲ್ಲಿ ಹಿಡಿದು ನೋಡಿ. ಗಂಡಿನ ಕಾಲು ದಪ್ಪ, ಉದ್ದ. ಕಣ್ಣಿಗಿಂತ ಬೆರಳಿಗೇ ಚೆನ್ನಾಗಿ ಗೊತ್ತಾಗುತ್ತೆ.

ಜುಟ್ಟು, ಜೋಲು, ಬೆನ್ನು-ಬಾಲ, ಕಾಲು. ನಾಲ್ಕರಲ್ಲಿ ಮೂರು ಒಂದೇ ಕಡೆ ಹೇಳಿದರೆ ಗುರುತು ಕಟ್ಟಿ. ಗಂಡಿಗೆ ಕೆಂಪು ಉಲ್ಲನ್ ದಾರ, ಹೆಣ್ಣಿಗೆ ಬಿಳಿ. ಎರಡೆರಡು ಬಂದರೆ ದಾರ ಬೇಡ, ಹಾಗೇ ಬಿಡಿ. ದಾರ ಕಟ್ಟುವಾಗ ಕಿರುಬೆರಳಿನ ತುದಿ ಸಲೀಸಾಗಿ ಒಳಗೆ ಹೋಗೋಷ್ಟು ಸಡಿಲ ಇರಲಿ, ವಾರಕ್ಕೊಮ್ಮೆ ಬಿಚ್ಚಿ ಕಟ್ಟಿ. ಮರಿಯ ಕಾಲು ದಿನದಿನ ದಪ್ಪ ಆಗೋ ಕಾಲ ಇದು. ಮರೆತರೆ ದಾರ ಚರ್ಮದೊಳಗೆ ಹೂತು ಪಾದ ಊದುತ್ತೆ, ಕೆಲವು ಸಲ ಪಾದವೇ ಹೋಗುತ್ತೆ. ಪ್ಲಾಸ್ಟಿಕ್ ಟ್ಯಾಗ್ ಅಂತೂ ಈ ವಯಸ್ಸಿಗೆ ಬೇಡವೇ ಬೇಡ, ಅದು ಹಿಗ್ಗಲ್ಲ.

ಗುಂಡು ಮೊಟ್ಟೆ ವಿಷಯ: ಹುರುಳಿಲ್ಲ. ಒಂದು ಹ್ಯಾಟೆ ಹೆಚ್ಚುಕಮ್ಮಿ ಒಂದೇ ಆಕಾರದ ಮೊಟ್ಟೆ ಇಡುತ್ತೆ. ಚೂಪು ಮೊಟ್ಟೆಯಲ್ಲಿ ಹುಂಜ ಅನ್ನೋದು ನಿಜ ಆಗಿದ್ದರೆ ಚೂಪು ಮೊಟ್ಟೆ ಇಡೋ ಹ್ಯಾಟೆಗೆ ಜನ್ಮದಲ್ಲಿ ಒಂದು ಹೆಣ್ಣು ಮರಿ ಹುಟ್ಟಬಾರದಿತ್ತು.

ಆಲೂರು ಗೂಡು:

ಮೇಲಿನವರು ಹೇಳಿದ್ದು ಸರಿ. ಆದರೆ ರೆಕ್ಕೆ ಪರೀಕ್ಷೆ ಬಿಟ್ಟುಬಿಟ್ರಲ್ಲ. ಒಡೆದ ದಿನವೇ ನೋಡಬಹುದು, ನಾಲ್ಕು ವಾರ ಕಾಯೋದು ಬೇಕಿಲ್ಲ. ರೆಕ್ಕೆ ಮೆಲ್ಲಗೆ ಬಿಡಿಸಿದರೆ ಅಂಚಿನಲ್ಲಿ ಗರಿಗಳ ಎರಡು ಸಾಲು ಕಾಣುತ್ತೆ. ಕೆಳಗಿನ ಸಾಲು ಉದ್ದ, ಮೇಲಿನ ಸಾಲು ಗಿಡ್ಡ ಇದ್ದರೆ ಹೆಣ್ಣು. ಎರಡೂ ಸಾಲು ಒಂದೇ ಸಮ ಇದ್ದರೆ ಗಂಡು. ಮೊದಲ ಎರಡು ದಿನದೊಳಗೆ ನೋಡಬೇಕು, ಆಮೇಲೆ ಗರಿ ಬೆಳೆದು ವ್ಯತ್ಯಾಸ ಅಳಿಸಿಹೋಗುತ್ತೆ. ಹ್ಯಾಚರಿಗಳಲ್ಲಿ ಹೀಗೇ ಬೇರೆ ಮಾಡೋದು.

ಕಡೂರು ಮರಿಮನೆ:

ಆಲೂರಿನವರು ನೋಡುವ ವಿಧಾನವನ್ನು ಸರಿಯಾಗಿಯೇ ಹೇಳಿದ್ದಾರೆ. ಆದರೆ ಅದು ನಾಟಿ ಮರಿಗೆ ನಡೆಯುವುದಿಲ್ಲ. ಯಾಕೆ ನಡೆಯುವುದಿಲ್ಲ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಈ ಒಂದು ಪರೀಕ್ಷೆ ನಂಬಿ ಒಳ್ಳೆಯ ಹೆಣ್ಣು ಮರಿಗಳನ್ನು ಮಾರಿಬಿಡುವವರು ಬಹಳ.

ಗರಿ ಬೇಗ ಬರುವುದು, ತಡವಾಗಿ ಬರುವುದು, ಇದು ಲಿಂಗದ ಗುರುತು ಅಲ್ಲ. ಅದೊಂದು ವಂಶವಾಹಿ. ಲಿಂಗ ನಿರ್ಧರಿಸುವ ಝಡ್ ವರ್ಣತಂತುವಿನ ಮೇಲೆ ಅದು ಕೂತಿದೆ, ಅಷ್ಟೆ. ಕೋಳಿಯಲ್ಲಿ ಹುಂಜಕ್ಕೆ ಎರಡು ಝಡ್, ಹ್ಯಾಟೆಗೆ ಒಂದು ಝಡ್ ಒಂದು ಡಬ್ಲ್ಯೂ. ಮನುಷ್ಯರಲ್ಲಿ ಮಗುವಿನ ಲಿಂಗ ತಂದೆಯಿಂದ ತೀರ್ಮಾನವಾದರೆ ಕೋಳಿಯಲ್ಲಿ ತಾಯಿಯಿಂದ. ತಾಯಿ ತನ್ನ ಒಂದೇ ಝಡ್ ಅನ್ನು ಗಂಡು ಮರಿಗಳಿಗೆ ಮಾತ್ರ ಕೊಡುತ್ತಾಳೆ. ಹೆಣ್ಣು ಮರಿಯ ಝಡ್ ಪೂರ್ತಿ ತಂದೆಯದು. ಈ ಒಂದು ಮಾತು ನೆನಪಿಟ್ಟುಕೊಂಡರೆ ಮರಿ ಗುರುತಿಸುವ ಅರ್ಧ ವಿದ್ಯೆ ಕೈಗೆ ಬಂದಂತೆ.

ಬ್ರಾಯ್ಲರ್ (ಮಾಂಸದ ಕೋಳಿ), ಲೇಯರ್ (ಮೊಟ್ಟೆ ಕೋಳಿ) ಕಂಪನಿಗಳು ತಡವಾಗಿ ಗರಿ ಬರುವ ತಾಯಿ, ಬೇಗ ಗರಿ ಬರುವ ತಂದೆ, ಹೀಗೆ ಬೇಕೆಂದೇ ಜೋಡಿ ಕಟ್ಟುತ್ತವೆ. ತಡವಾಗಿ ಬರುವ ಗುಣ ಪ್ರಬಲ. ಹಾಗಾಗಿ ತಾಯಿಯ ಗುಣ ಗಂಡು ಮರಿಗೆ ಹೋಗಿ ಗಂಡೆಲ್ಲ ತಡ, ತಂದೆಯ ಗುಣ ಹೆಣ್ಣಿಗೆ ಬಂದು ಹೆಣ್ಣೆಲ್ಲ ಬೇಗ. ಆ ಜೋಡಿಯಲ್ಲಿ ಮಾತ್ರ ರೆಕ್ಕೆ ಸತ್ಯ ಹೇಳುತ್ತದೆ. ನಿಮ್ಮ ಅಂಗಳದ ಹುಂಜ, ಹ್ಯಾಟೆ ಎರಡೂ ಬೇಗ ಗರಿ ಬರುವಂಥವಾದರೆ ಅಷ್ಟೂ ಮರಿ 'ಹೆಣ್ಣು' ಎಂದು ತೋರುತ್ತವೆ. ಹುಂಜದಲ್ಲೇ ತಡದ ಗುಣ ಎರಡೂ ಕಡೆ ಇದ್ದರೆ ಅಷ್ಟೂ ಮರಿ 'ಗಂಡು'. ಗಿರಿರಾಜ, ಸ್ವರ್ಣಧಾರ ಮರಿಗಳನ್ನೂ ಸಾಮಾನ್ಯವಾಗಿ ಗಂಡು ಹೆಣ್ಣು ಬೆರಕೆಯಾಗಿಯೇ ಕೊಡುತ್ತಾರೆ. ಅವುಗಳಲ್ಲೂ ರೆಕ್ಕೆ ನೋಡಿ ತೀರ್ಮಾನಿಸಬೇಡಿ.

ಹಾಗಾದರೆ ನಾಲ್ಕು ವಾರದಲ್ಲಿ ಬೆನ್ನಿನ ಪುಕ್ಕ ನೋಡುವುದು ಹೇಗೆ ಸರಿ ಎಂದು ಕೇಳಬಹುದು. ಒಂದೇ ವಂಶದ ಮರಿಗಳಲ್ಲಿ ಹೆಣ್ಣಿಗೆ ಮೈ ಪುಕ್ಕ ತುಸು ಬೇಗ ತುಂಬುವುದು ನಿಜ. ಆದರೆ ಆ ಗುರುತೂ ಒಂದೇ ತಾಯಿಯ ಮರಿಗಳಲ್ಲಿ ಗಟ್ಟಿ, ಮೂರು ತಾಯಿಯ ಮರಿಗಳಲ್ಲಿ ಸಡಿಲ. ಬೋಳುಕತ್ತಿನ ಮರಿಗಳಿಗೆ ಮೈಮೇಲೂ ಪುಕ್ಕ ಕಡಿಮೆ, ಅವು ಹೆಣ್ಣಾದರೂ ಬೆನ್ನು ಖಾಲಿ ಕಾಣಬಹುದು. ಅಂಥವನ್ನು ಆ ಗುರುತಿನಿಂದ ಹೊರಗಿಡಿ.

ಹಿಂಭಾಗ ಒತ್ತಿ ನೋಡುವುದು ನಿಜವಾದ ವಿದ್ಯೆ. 1920ರ ದಶಕದಲ್ಲಿ ಜಪಾನಿನಲ್ಲಿ ಮಸುಯಿ, ಹಶಿಮೊಟೊ ಎಂಬ ವಿಜ್ಞಾನಿಗಳು ಇದನ್ನು ಕ್ರಮಬದ್ಧ ಮಾಡಿದರು. ಒಡೆದು ಒಂದು ದಿನದೊಳಗಿನ ಮರಿಯನ್ನು ಅಂಗೈಯಲ್ಲಿ ಹಿಡಿದು, ಹೊಟ್ಟೆಯ ಪಕ್ಕ ಹಗುರವಾಗಿ ಒತ್ತಿ ಹಿಕ್ಕೆ ಹೊರಹಾಕಿಸಿ, ಮಲದ್ವಾರದ ಒಳಮಡಿಕೆಯನ್ನು ಹೊರಕ್ಕೆ ಅರಳಿಸಿ ನೋಡುತ್ತಾರೆ. ಗಂಡಾದರೆ ನಡುವೆ ಗುಂಡುಸೂಜಿ ತಲೆಗಿಂತ ಸಣ್ಣ ಹೊಳೆಯುವ ಮಣಿ ಇರುತ್ತದೆ, ಬೆರಳು ತಾಗಿಸಿದರೂ ಕುಗ್ಗುವುದಿಲ್ಲ. ಹೆಣ್ಣಿಗೆ ಇರುವುದಿಲ್ಲ. ತೊಂದರೆ ಏನೆಂದರೆ ಕೆಲವು ಹೆಣ್ಣು ಮರಿಗಳಲ್ಲೂ ಸಣ್ಣ ಉಬ್ಬು ಇರುತ್ತದೆ, ಕೆಲವು ಗಂಡಿನಲ್ಲಿ ಚಪ್ಪಟೆ ಇರುತ್ತದೆ. ಅದು ಇದು ಎಂದು ಬೇರೆ ಮಾಡಿ ಹೇಳಲು ತಿಂಗಳುಗಟ್ಟಲೆ ಕೈ ಪಳಗಬೇಕು. ಪಳಗಿದವರು ಗಂಟೆಗೆ ಸಾವಿರದವರೆಗೆ ನೋಡುತ್ತಾರೆ. ಪಳಗದ ಕೈ ಒತ್ತಿದರೆ ಹೊಟ್ಟೆಯಲ್ಲಿ ಇನ್ನೂ ಕರಗದೆ ಇರುವ ಹಳದಿ ಚೀಲ ಒಡೆಯುತ್ತದೆ, ಕರುಳು ಹೊರಬರುತ್ತದೆ, ಮರಿ ಎರಡು ಮೂರು ದಿನದಲ್ಲಿ ಸಾಯುತ್ತದೆ. ಒಂದು ಮರಿಯ ಹಿಕ್ಕೆಯ ಸೋಂಕು ಅದೇ ಬೆರಳಿನಿಂದ ಎಲ್ಲಕ್ಕೂ ಹರಡುತ್ತದೆ. 27 ದಿನದ ಮರಿಗೆ ಅದರಿಂದ ಉಪಯೋಗವೂ ಇಲ್ಲ. ದಯವಿಟ್ಟು ಆ ಕೆಲಸಕ್ಕೆ ಕೈ ಹಾಕಬೇಡಿ.

ಮೊಟ್ಟೆಯ ಆಕಾರದ ಬಗ್ಗೆ ಮೂಡಿಗೆರೆಯವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಮರಿಯ ಲಿಂಗ ತೀರ್ಮಾನವಾಗುವುದು ಹಳದಿ ಭಾಗ ಅಂಡಾಶಯದಿಂದ ಬಿಡುಗಡೆಯಾಗುವ ಮುಂಚೆ. ಅದರ ಸುತ್ತ ಬಿಳಿಭಾಗ, ಪೊರೆ, ಚಿಪ್ಪು ಕಟ್ಟಿಕೊಳ್ಳುವುದು ಆಮೇಲಿನ ಸುಮಾರು 25 ಗಂಟೆಗಳಲ್ಲಿ, ಅಂಡನಾಳದೊಳಗೆ. ಆಕಾರ ಬರುವುದು ನಾಳದ ಅಗಲ, ಬಿಗುವಿನಿಂದ. ಒಳಗಿರುವುದು ಗಂಡೋ ಹೆಣ್ಣೋ ಎಂದು ನಾಳಕ್ಕೆ ತಿಳಿಯುವ ದಾರಿಯೇ ಇಲ್ಲ. ಮೊಟ್ಟೆಯ ಮೇಲೆ ಉಂಗುರ ತೂಗಿಸುವುದು, ಮರಿಯ ಕತ್ತು ಹಿಡಿದು ಎತ್ತಿ ಕಾಲು ಮಡಿಸುತ್ತದೋ ಇಳಿಬಿಡುತ್ತದೋ ನೋಡುವುದು, ಇವೂ ಹಾಗೆಯೇ. ಅರ್ಧ ಸಲ ಸರಿ ಬರುತ್ತದೆ, ಯಾಕೆಂದರೆ ಕಣ್ಣು ಮುಚ್ಚಿ ಹೇಳಿದರೂ ಅರ್ಧ ಸಲ ಸರಿ ಬರುತ್ತದೆ.

ಹೆತ್ತೂರು ತೋಟ:

ತುಂಬಾ ಉಪಕಾರ ಆಯ್ತು. ಇವತ್ತು ಬೆಳಿಗ್ಗೆ ಮಂಕರಿಯಿಂದ ಒಂದೊಂದೇ ತೆಗೆದು ನೋಡಿದೆ. ನಾಟಿಯಲ್ಲಿ 3 ಗಂಡು, 4 ಹೆಣ್ಣು ಅಂತ ದಾರ ಕಟ್ಟಿದೀನಿ. ನಾಲ್ಕು ಗೊತ್ತಾಗ್ತಿಲ್ಲ. ಆ ನಾಲ್ಕರಲ್ಲಿ ಒಂದು ಬೋಳುಕತ್ತು, ಎರಡು ಕರಿ ಮರಿ, ಇನ್ನೊಂದು ಕಂದು, ಸಣಕಲು, ಜುಟ್ಟು ಬೆಳ್ಳಗಿದೆ. ಕರಿ ಮರಿ ಎರಡರಲ್ಲಿ ಒಂದಕ್ಕೆ ಹುಟ್ಟಿದಾಗ ನೆತ್ತಿ ಮೇಲೆ ಬಿಳಿ ಬೊಟ್ಟು ಇತ್ತು, ಇನ್ನೊಂದು ಪೂರ್ತಿ ಕಪ್ಪು. ಗಿರಿರಾಜದಲ್ಲಿ ಎಲ್ಲವೂ ಒಂದೇ ಥರ ಕಾಣ್ತವೆ.

ಅರೇಹಳ್ಳಿ ಅಕ್ಕ:

ಕರಿ ಮರಿ ಎರಡನ್ನ ಗೊತ್ತಿಲ್ಲದ ಪಟ್ಟಿಯಿಂದ ತೆಗೀರಿ. ಈ 21ರಲ್ಲಿ ಹುಟ್ಟಿದ ದಿನವೇ ಹೇಳಬಹುದಾಗಿದ್ದು ಅವೆರಡೇ.

ಕಡೂರಿನವರು ಹೇಳಿದ್ರಲ್ಲ, ತಾಯಿಯ ಝಡ್ ಗಂಡಿಗೆ ಮಾತ್ರ ಅಂತ. ಪಟ್ಟೆ ಬಣ್ಣದ ಗುಣವೂ ಆ ಝಡ್ ಮೇಲೇ ಇದೆ, ಪ್ರಬಲ ಗುಣ. ನಿಮ್ಮ ಪಟ್ಟೆ ಹ್ಯಾಟೆಗೆ ಪಟ್ಟೆ ಇಲ್ಲದ ಕೆಂಪು ಹುಂಜ ಕೂಡಿದೆ. ಆ ಜೋಡಿಯಲ್ಲಿ ಪಟ್ಟೆ ಗಂಡು ಮರಿಗಳಿಗೆ ಮಾತ್ರ ಹೋಗುತ್ತೆ, ಹೆಣ್ಣಿಗೆ ಹೋಗೋಕೆ ದಾರಿಯೇ ಇಲ್ಲ. ಕರಿ ತುಪ್ಪಳದ ಮರಿಯಲ್ಲಿ ಆ ಗುಣ ನೆತ್ತಿಯ ಬಿಳಿ ಬೊಟ್ಟಾಗಿ ಕಾಣುತ್ತೆ. ಬೊಟ್ಟು ಇದ್ದಿದ್ದು ಹುಂಜ. ಪೂರ್ತಿ ಕರಿ ಇರೋದು ಅದೇ ತಾಯಿಯದಾದರೆ ಹ್ಯಾಟೆ. ಕಂದು ಹ್ಯಾಟೆಗೂ, ಬೋಳುಕತ್ತಿನದು ಕರಿ ಬಣ್ಣದ್ದಲ್ಲದಿದ್ದರೆ ಅದಕ್ಕೂ, ಕೆಂಪು ಹುಂಜದಿಂದ ಪೂರ್ತಿ ಕರಿ ಮರಿ ಬರೋದು ಕಷ್ಟ, ಹಾಗಾಗಿ ಅದೂ ಪಟ್ಟೆ ಹ್ಯಾಟೆಯದೇ ಅನ್ಕೋಬಹುದು.

ಈಗಲೂ ಪಕ್ಕಾ ಮಾಡ್ಕೋಬಹುದು. ರೆಕ್ಕೆಯ ಒಂದು ಗರಿಯನ್ನ ಬಿಸಿಲಿಗೆ ಹಿಡಿದು ನೋಡಿ. ಬೊಟ್ಟಿನ ಮರಿಯ ಗರಿಯಲ್ಲಿ ಅಡ್ಡಡ್ಡ ಬಿಳಿ ಗೆರೆ ಬಂದಿರುತ್ತೆ, ಮಸುಕಾಗಿದ್ದರೂ ಸಾಕು. ಇನ್ನೊಂದರ ಗರಿ ಬುಡದಿಂದ ತುದಿವರೆಗೆ ಕಪ್ಪೇ. ಹೊಟ್ಟೆ ಬೆಳ್ಳಗಿರೋದು, ರೆಕ್ಕೆ ತುದಿ ಒಂದು ಗರಿ ಬೆಳ್ಳಗಿರೋದು ಲೆಕ್ಕಕ್ಕಿಲ್ಲ, ಕರಿ ಮರಿಗಳಲ್ಲಿ ಅದು ಗಂಡು ಹೆಣ್ಣು ಎರಡಕ್ಕೂ ಇರುತ್ತೆ. ತಲೆ ಮೇಲಿನ ಬೊಟ್ಟು, ಗರಿಯ ಅಡ್ಡಗೆರೆ, ಇವೆರಡೇ ನೋಡಬೇಕಾದ್ದು.

ಒಂದು ಎಚ್ಚರಿಕೆ. ಈ ಲೆಕ್ಕ ತಾಯಿಗೆ ಪಟ್ಟೆ, ತಂದೆಗೆ ಇಲ್ಲ ಅನ್ನೋ ಜೋಡಿಗೆ ಮಾತ್ರ. ಬೊಟ್ಟಿನ ಹುಂಜನನ್ನೇ ಮುಂದಕ್ಕೆ ಬೀಜಕ್ಕೆ ಇಟ್ಕೊಂಡ್ರೆ ಅದರ ಮರಿಗಳಲ್ಲಿ ಗಂಡಿಗೂ ಹೆಣ್ಣಿಗೂ ಪಟ್ಟೆ ಬರುತ್ತೆ, ಗುರುತು ಕೆಟ್ಟುಹೋಗುತ್ತೆ. ಮುಂದಿನ ಸಲ ಹೆಣ್ಣು ಮರಿ ಬೇಗ ಗೊತ್ತಾಗಬೇಕು ಅಂದ್ರೆ ಕೆಂಪು ಹುಂಜನನ್ನೇ ಇಟ್ಕೊಂಡು ಪಟ್ಟೆ ಹ್ಯಾಟೆಯ ಮೊಟ್ಟೆಯನ್ನ ಬೇರೆ ಗುರುತು ಹಾಕಿ ಕಾವಿಗೆ ಇಡಿ. ಪೆನ್ಸಿಲ್ಲಲ್ಲಿ ಗೆರೆ ಎಳೆದರೆ ಸಾಕು, ಮಾರ್ಕರ್ ಬೇಡ.

ಕಂದು ಮರಿಗಳಲ್ಲಿ ಎದೆ ನೋಡಿ. ಕಾಡುಕೋಳಿ ಥರ ಬೆನ್ನ ಮೇಲೆ ಗೆರೆ ಇರೋ ಮರಿ ಅಂದ್ರೆ, ಐದಾರು ವಾರಕ್ಕೆ ಹೆಣ್ಣಿನ ಎದೆ ಇಟ್ಟಿಗೆ ಬಣ್ಣದ ತಿಳಿಗೆಂಪಾಗುತ್ತೆ, ಗಂಡಿನ ಎದೆಗೆ ಕಪ್ಪು ಗರಿ ಇಣುಕುತ್ತೆ. ಗಂಡಿನ ಹೆಗಲ ಮೇಲೆ ಕಡುಗೆಂಪು ತೇಪೆ ಅಲ್ಲಲ್ಲಿ ಬರುತ್ತೆ. ಹೆಣ್ಣಿನ ರೆಕ್ಕೆ ಮಾತ್ರ ಮೆಣಸಿನ ಪುಡಿ ಉದುರಿಸಿದ ಹಾಗೆ ಒಂದೇ ಸಮ ಇರುತ್ತೆ. ಬಿಳಿ ಮರಿ, ಪೂರ್ತಿ ಕೆಂಪು ಮರಿಗೆ ಇದು ಹೊಂದಲ್ಲ.

ಮೂಡಿಗೆರೆ ಅಂಗಳ:

ಅಕ್ಕ ಹೇಳಿದ್ದು ಚೆನ್ನಾಗಿದೆ, ಆ ಪಟ್ಟೆ ಲೆಕ್ಕ ನಮ್ಮ ಕಡೆ ಬಹಳ ಮನೆಗಳಲ್ಲಿ ಉಪಯೋಗಕ್ಕೆ ಬರುತ್ತೆ.

ಸಣಕಲು ಕಂದು ಮರಿ ಬಗ್ಗೆ: ಬೆಳ್ಳಗಿನ ಜುಟ್ಟು ನೋಡಿ ಹೆಣ್ಣು ಅಂದ್ಕೋಬೇಡಿ. ಜುಟ್ಟು ಕೆಂಪಾಗೋದು ಗಂಡಿನ ಹಾರ್ಮೋನಿಂದ ನಿಜ, ಆದರೆ ಅದು ಕೆಲಸ ಮಾಡೋಕೆ ಮೈಯಲ್ಲಿ ರಕ್ತ ಬೇಕು. ರಕ್ತಭೇದಿ, ಜಂತುಹುಳು, ಬರೀ ನುಚ್ಚಿನ ಮೇವು, ಈ ಮೂರರಲ್ಲಿ ಯಾವುದಿದ್ದರೂ ಹುಂಜದ ಜುಟ್ಟೂ ಬಿಳಿಚಿಕೊಳ್ಳುತ್ತೆ. ಹಿಕ್ಕೆಯಲ್ಲಿ ಕೆಂಪು ಇದೆಯಾ, ಮರಿ ಪುಕ್ಕ ಕೆದರಿಕೊಂಡು ಮೂಲೆಯಲ್ಲಿ ತೂಕಡಿಸುತ್ತಾ ನೋಡಿ. ಇದ್ದರೆ ಅದನ್ನ ಬೇರೆ ಮಾಡಿ, ಒಂದು ಚಿಟಿಕೆ ಹೊಸ ಹಿಕ್ಕೆ ಕವರಲ್ಲಿ ಹಾಕಿ ಹತ್ತಿರದ ಪಶು ಆಸ್ಪತ್ರೆಗೆ ಕೊಡಿ. ನೆಲದ ಭತ್ತದ ಹೊಟ್ಟನ್ನ ಮುಷ್ಟಿಯಲ್ಲಿ ಹಿಂಡಿದಾಗ ಉಂಡೆ ಕಟ್ಟಿದರೆ ತೇವ ಜಾಸ್ತಿ ಆಗಿದೆ ಅಂತ, ತೆಗೆದು ಹೊಸದು ಹಾಕಿ. ಹೆತ್ತೂರು ಕಡೆ ಮಳೆಗೆ ಇದನ್ನ ವಾರಕ್ಕೆ ಎರಡು ಸಲ ನೋಡಲೇಬೇಕು. ಆರು ವಾರದವರೆಗೆ ಚಿಕ್ ಸ್ಟಾರ್ಟರ್ ಮೇವೇ ಇರಲಿ, ಅದರಲ್ಲಿ ಸುಮಾರು 20 ಪರ್ಸೆಂಟ್ ಪ್ರೋಟೀನ್ ಇರುತ್ತೆ. ಅರ್ಧಂಬರ್ಧ ತಿಂದ ಮರಿಗಳಲ್ಲಿ ನಾನು ಮೇಲೆ ಹೇಳಿದ ಯಾವ ಗುರುತೂ ವಯಸ್ಸಿಗೆ ಸರಿಯಾಗಿ ಬರಲ್ಲ, ಎರಡು ಮೂರು ವಾರ ಹಿಂದೆ ಬೀಳುತ್ತೆ.

ಗಿರಿರಾಜ ಒಂದೇ ಥರ ಕಾಣೋದು ಸಹಜ. ಅದನ್ನ ತೂಕ ಮಾಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ಒಂದು ಡಬ್ಬ ಇಟ್ಟು ಸೊನ್ನೆ ಮಾಡಿ, ಒಂದೊಂದೇ ಮರಿ ಕೂರಿಸಿ ಬರೆದಿಡಿ. ವಾರಕ್ಕೊಮ್ಮೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ. ಮೂರು ವಾರ ಬರೆದರೆ ಹತ್ತು ಮರಿ ತಾವಾಗೇ ಎರಡು ಗುಂಪಾಗೋಕೆ ಶುರುವಾಗುತ್ತವೆ, ಗಂಡು ಮರಿ ವಾರಕ್ಕೆ ಏರೋ ತೂಕ ಜಾಸ್ತಿ. ಅದರ ಜೊತೆ ಜುಟ್ಟು ಸೇರಿಸಿ ನೋಡಿ, ಆರು ವಾರಕ್ಕೆ ಗಿರಿರಾಜದಲ್ಲಿ ಜುಟ್ಟು ಚೆನ್ನಾಗಿಯೇ ಬೇರೆ ಆಗಿರುತ್ತೆ. ಪಶುಪಾಲನಾ ಇಲಾಖೆ ಯೋಜನೆಯಲ್ಲಿ ಐದಾರು ವಾರದ ಮರಿ ತಗೊಳ್ಳೋರು ಇದ್ದರೆ ಅಲ್ಲೇ ಜುಟ್ಟು ನೋಡಿ ಆರಿಸ್ಕೋಬಹುದು.

ಇನ್ನೊಂದು ವಿಷಯ ಈ ನೆಪದಲ್ಲಿ ಹೇಳಿಬಿಡ್ತೀನಿ. ಸಂತೆ, ಜಾತ್ರೆಗಳಲ್ಲಿ ಗುಲಾಬಿ, ಹಸಿರು ಬಣ್ಣ ಹಾಕಿದ ಮರಿ ಮಾರ್ತಾರಲ್ಲ, ಅವು ಬಹುಪಾಲು ಲೇಯರ್ ಹ್ಯಾಚರಿಯಲ್ಲಿ ಹೆಣ್ಣು ಆರಿಸಿಕೊಂಡ ಮೇಲೆ ಉಳಿದ ಗಂಡು ಮರಿಗಳು. ಮೊಟ್ಟೆಗೆ ಅಂತ ತಂದರೆ ಒಂದೂ ಇಡಲ್ಲ, ಮಾಂಸಕ್ಕೂ ತೂಕ ಬರಲ್ಲ. 'ನೂರಕ್ಕೆ ನೂರು ಹ್ಯಾಟೆ ಮರಿ' ಅಂತ ಗಾಡಿಯಲ್ಲಿ ತಂದು ನಾಟಿ ಮರಿ ಮಾರೋರ ಮಾತೂ ಅಷ್ಟೇ. ಒಂದು ದಿನದ ಬೆರಕೆ ನಾಟಿ ಮರಿಯಲ್ಲಿ ಆ ಗ್ಯಾರಂಟಿ ಕೊಡೋದು ಯಾರಿಗೂ ಆಗಲ್ಲ.

ಹೆತ್ತೂರು ತೋಟ:

ಅಕ್ಕ, ಗರಿ ನೋಡಿದೆ. ಬೊಟ್ಟಿನ ಮರಿಗೆ ಬೂದು ಗೆರೆ ಸ್ಪಷ್ಟ ಇದೆ, ಇನ್ನೊಂದು ಪೂರ್ತಿ ಕರಿ. ಅಲ್ಲಿಗೆ 4 ಹುಂಜ, 5 ಹ್ಯಾಟೆ, 2 ಗೊತ್ತಿಲ್ಲ. ಈ 4 ಹುಂಜನ್ನ ಈಗಲೇ ಕೊಟ್ಟುಬಿಡಲಾ? ಬೋಳುಕತ್ತಿನದನ್ನ ಯಾವಾಗ, ಏನು ನೋಡಿ ಹೇಳೋದು?

ಕಡೂರು ಮರಿಮನೆ:

ಪಟ್ಟೆ ಮರಿಯನ್ನು ಈಗಲೇ ಕೊಡಬಹುದು, ಅದರಲ್ಲಿ ಅನುಮಾನವಿಲ್ಲ. ಉಳಿದ ಮೂರಕ್ಕೆ ಇನ್ನೂ ನಾಲ್ಕು ವಾರ ಕೊಡಿ. ನಾಲ್ಕನೇ ವಾರದಲ್ಲಿ ಜುಟ್ಟು ಜೋರಾಗಿದ್ದ ಹೆಣ್ಣು ಮರಿ ಆಮೇಲೆ ನಿಂತುಹೋಗುವುದುಂಟು, ತಡವಾಗಿ ಎಚ್ಚರಾಗುವ ಹುಂಜವೂ ಉಂಟು. ಎಂಟು ವಾರಕ್ಕೆ ಮಾರಿದರೆ ನಾಟಿ ಹುಂಜ ಮರಿಗೆ ಬೆಲೆಯೂ ಸಿಗುತ್ತದೆ. ಎದೆ ಉಬ್ಬಿಸಿ ಎದುರುಬದುರು ನಿಲ್ಲುವುದನ್ನು ನೋಡಿ ಹುಂಜ ಎಂದು ತೀರ್ಮಾನಿಸಬೇಡಿ, ಹೆಣ್ಣು ಮರಿಗಳೂ ಈ ವಯಸ್ಸಿನಲ್ಲಿ ಜಗಳವಾಡುತ್ತವೆ. ಕಾಲಿನ ಮುಳ್ಳಿನ ಮೊಗ್ಗೂ ಎರಡಕ್ಕೂ ಇರುತ್ತದೆ, ನಾಲ್ಕೈದು ತಿಂಗಳಾಗುವವರೆಗೆ ಅದರಿಂದ ಏನೂ ತಿಳಿಯದು.

ತಗಾದೆಯಿಲ್ಲದ ಗುರುತು ಒಂದೇ, ಸೊಂಟದ ಪುಕ್ಕ. ಬಾಲದ ಬುಡಕ್ಕೆ ಎರಡೂ ಪಕ್ಕ ಇಳಿಬೀಳುವ ಪುಕ್ಕಗಳು. ಮರಿಯ ಮೊದಲ ಪುಕ್ಕ ಗಂಡು ಹೆಣ್ಣು ಎರಡಕ್ಕೂ ಒಂದೇ ಆಕಾರ. ಅವು ಉದುರಿ ದೊಡ್ಡವರ ಪುಕ್ಕ ಬರಲು ಶುರುವಾಗುವುದು ಸುಮಾರು ಎಂಟು ವಾರದ ಮೇಲೆ, ಹತ್ತರಿಂದ ಹನ್ನೆರಡು ವಾರಕ್ಕೆ ಬರಿಗಣ್ಣಿಗೆ ಕಾಣುತ್ತವೆ. ಒಂದು ಪುಕ್ಕವನ್ನು ಉಗುರಿನ ಮೇಲೆ ಚಾಚಿ ನೋಡಿ. ಹೆಣ್ಣಿನದು ತುದಿಯಲ್ಲಿ ದುಂಡಗೆ, ಚಮಚದ ತುದಿಯ ಹಾಗೆ, ಅಂಚಿನ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಗಂಡಿನದು ಕಿರಿದು, ಉದ್ದ, ತುದಿ ಈಟಿಯಂತೆ ಚೂಪು. ಅಂಚಿನ ಎಳೆಗಳು ಬಿಡಿಬಿಡಿಯಾಗಿ, ಬಿಸಿಲಿಗೆ ಹಿಡಿದರೆ ಎಣ್ಣೆ ಸವರಿದ ಹಾಗೆ ಹೊಳೆಯುತ್ತವೆ. ಪುಕ್ಕದ ತುದಿಯನ್ನು ದುಂಡಗೆ ಮಾಡುವುದು ಹ್ಯಾಟೆಯ ಅಂಡಾಶಯದ ಹಾರ್ಮೋನು. ಆ ಹಾರ್ಮೋನು ಇಲ್ಲದ ಕಡೆ ಪುಕ್ಕ ತಾನಾಗಿ ಚೂಪಾಗುತ್ತದೆ. ಅದಕ್ಕೇ ಮೇವು ಕಡಿಮೆಯಾದರೂ, ಜುಟ್ಟು ಬಿಳಿಚಿದರೂ ಪುಕ್ಕದ ಆಕಾರ ಸುಳ್ಳು ಹೇಳುವುದಿಲ್ಲ. ಮುದಿ ಹ್ಯಾಟೆಯ ಅಂಡಾಶಯ ಕೆಟ್ಟಾಗ ಅದಕ್ಕೂ ಚೂಪು ಪುಕ್ಕ ಬಂದು ಹುಂಜದಂತೆ ಕೂಗುವುದೂ ಇದೇ ಕಾರಣದಿಂದ. ಅದು ಕಾಯಿಲೆ, ಅಪಶಕುನ ಅಲ್ಲ.

ಸಾಮಾನ್ಯ ಕೋಳಿಯಲ್ಲಿ ಕುತ್ತಿಗೆ ಪುಕ್ಕದಲ್ಲೂ ಇದೇ ವ್ಯತ್ಯಾಸ ಇರುತ್ತದೆ, ಆದರೆ ಬೋಳುಕತ್ತಿಗೆ ಅಲ್ಲಿ ಪುಕ್ಕವೇ ಇಲ್ಲ. ಅದಕ್ಕೆ ಸೊಂಟವೇ ಗತಿ. ಅದರ ಬರಿಯ ಕತ್ತಿನ ಚರ್ಮ ಹುಂಜವಾದರೆ ಬಿಸಿಲಿಗೆ ಜೋರು ಕೆಂಪಾಗುತ್ತದೆ, ಆದರೆ ಹೆಣ್ಣಿಗೂ ತಕ್ಕಮಟ್ಟಿಗೆ ಆಗುವುದರಿಂದ ಅದನ್ನು ಎರಡನೆಯ ಸಾಕ್ಷಿಯಾಗಿ ಮಾತ್ರ ಇಟ್ಟುಕೊಳ್ಳಿ. ಇದೇ ರೀತಿ ಕಡಕ್‌ನಾಥ್ ತಳಿ ಸಾಕುವವರೂ ಗಮನಿಸಿ, ಅದರ ಜುಟ್ಟು ಎರಡರಲ್ಲೂ ಕಪ್ಪು, ಬಣ್ಣದಿಂದ ಹೇಳಲಾಗದು, ಜುಟ್ಟಿನ ಎತ್ತರ ಮತ್ತು ಸೊಂಟ ನೋಡಬೇಕು. ಜಗಳದ ತಳಿಯ ಬೆರಕೆಯಲ್ಲಿ ಜುಟ್ಟು ಮೂರು ಸಾಲಿನದು, ತಗ್ಗು. ಅಲ್ಲಿ ನಡುವಿನ ಸಾಲು ಎದ್ದು ಅಗಲವಾಗಿದ್ದರೆ ಗಂಡು.

11 ಮರಿಯಲ್ಲಿ ಎಷ್ಟು ಹುಂಜ ಬರಬಹುದು ಎಂದರೆ, ಒಂದೊಂದು ಮರಿಗೂ ಅರ್ಧಕ್ಕರ್ಧ ಸಾಧ್ಯತೆ. ಲೆಕ್ಕ ಹಾಕಿದರೆ ನೂರಕ್ಕೆ 93 ಸಲ ಮೂರರಿಂದ ಎಂಟರೊಳಗೆ ಇರುತ್ತದೆ. ಹಾಗಾಗಿ 5-6 ಇಲ್ಲದೆ 8 ಹುಂಜ ಬಂದರೂ ಕಾವಿನಲ್ಲಿ ತಪ್ಪಾಯಿತು ಎಂದುಕೊಳ್ಳಬೇಕಿಲ್ಲ. ಬೀಜಕ್ಕೆ 8-10 ಹ್ಯಾಟೆಗೆ ಒಂದು ಹುಂಜ ಸಾಕು. ಬರೀ ಮೊಟ್ಟೆ ತಿನ್ನಲು ಸಾಕುವುದಾದರೆ ಒಂದೂ ಬೇಡ, ಹುಂಜ ಇಲ್ಲದೆಯೂ ಹ್ಯಾಟೆ ಮೊಟ್ಟೆ ಇಡುತ್ತದೆ.

ಅರೇಹಳ್ಳಿ ಅಕ್ಕ:

ಹೆಣ್ಣು ಉಳಿಸ್ಕೊಳ್ಳುವಾಗ ಒಂದು ನೋಡಿ. ನಾಟಿ ಹ್ಯಾಟೆ ವರ್ಷಕ್ಕೆ 50-60 ಮೊಟ್ಟೆ, ಗಿರಿರಾಜ 130-150. ಆದರೆ ಕಾವು ಕೂರೋಕೆ, ಮರಿ ಸಾಕೋಕೆ ನಾಟಿಯೇ ಬೇಕು. ಹತ್ತೇ ಜಾಗ ಇರೋದು ಅಂದ್ರೆ ಎರಡೂ ಬೆರೆಸಿ ಇಟ್ಕೊಳ್ಳಿ.

42ನೇ ದಿನಕ್ಕೆ ಮತ್ತೆ ಮಂಕರಿಗೆ ಹಾಕಿ ನೋಡಿ, ಆಮೇಲೆ 56ನೇ ದಿನ. ಫೋಟೋ ಹಾಕೋದಾದ್ರೆ ಗುಂಪಿನದು ಬೇಡ. ಒಂದೊಂದು ಮರಿಗೆ ಮೂರು ಫೋಟೋ: ತಲೆ ಪಕ್ಕದಿಂದ, ತಲೆ ಎದುರಿನಿಂದ, ಸೊಂಟ ಮೇಲಿನಿಂದ ಬಿಸಿಲಲ್ಲಿ. ದಾರದ ಬಣ್ಣ, ಒಡೆದ ದಿನ ಬರೀರಿ. ಬೋಳುಕತ್ತಿನದಕ್ಕೆ 70ನೇ ದಿನದ ಸೊಂಟದ ಫೋಟೋ ಒಂದು ಸೇರಿಸಿ, ಅಲ್ಲಿವರೆಗೆ ಅದಕ್ಕೆ ಯಾವ ದಾರವೂ ಕಟ್ಟಬೇಡಿ.